ಶಾಸಕರಿಗೊಂದು ಕಾಗದ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 2011ರಲ್ಲಿ ಶಾಲಾ ಮಕ್ಕಳಿಗೆ ಸಹಪಾಠಿಗಳು ಕೊಡುವ ಕಿರುಕುಳವನ್ನು ತಡೆಯುವ ಮಸೂದೆ ಬಂದಿತ್ತು. ಚೀಟಿ ಎತ್ತಿದಂತೆ ಆರಿಸಿದ ಕೆಲವು ಶಾಸಕರಿಗೆ ಮಾತ್ರ ಅವರವರ ಕ್ಷೇತ್ರದವರು ಫೋನ್ ಮಾಡಿ, ಬೆಂಬಲಿಸಿ ಎಂದು ಕೇಳಿಕೊಂಡರು. ಆ ಕರೆಗಳಿಂದ ಬೆಂಬಲದ ಸಾಧ್ಯತೆ ಸುಮಾರು 12 ಶೇಕಡಾ ಅಂಶಗಳಷ್ಟು ಹೆಚ್ಚಿತೆಂದು ಸಂಶೋಧಕರಾದ ಬರ್ಗನ್ ಮತ್ತು ಕೋಲ್ ಲೆಕ್ಕ ಹಾಕಿದರು.

ನಮ್ಮಲ್ಲೂ ಹೀಗಾದೀತೆ? ಅಷ್ಟು ಸುಲಭವಲ್ಲ. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾಯ್ದೆಯ ಪ್ರಕಾರ, ಪಕ್ಷದ ವಿಪ್ ಮೀರಿ ಮತ ಹಾಕಿದರೆ, ಅಥವಾ ಮತ ಹಾಕದೆ ಹೊರಗುಳಿದರೂ, ಸದಸ್ಯತ್ವಕ್ಕೇ ಕುತ್ತು. ಪಕ್ಷವೇ 15 ದಿನಗಳೊಳಗೆ ಮನ್ನಿಸಿದರೆ ಮಾತ್ರ ಪಾರು. ಪಕ್ಷಾಂತರಿಗಳಿಗೆಂದು ಹಾಕಿದ ಬೇಲಿ ಮತದಾರನ ಕಾಗದವನ್ನೂ ತಡೆದು ನಿಲ್ಲಿಸಿದೆ!

ಹಾಗೆಂದು ಕಾಗದ ಬರೆಯುವುದೇ ವ್ಯರ್ಥವೆನ್ನಲಾಗದು. ಬರೆಯಬೇಕಾದ್ದು ಮತದಾನದ ಹಿಂದಿನ ದಿನವಲ್ಲ, ಬಹಳ ಮೊದಲೇ. ಸದನದಲ್ಲಿ ಪ್ರಶ್ನೆ ಕೇಳುವುದಕ್ಕೆ ಈ ಕಾಯ್ದೆಯ ಅಡ್ಡಿಯಿಲ್ಲ. ಸಂಸತ್ತಿನ ಸ್ಥಾಯಿ ಸಮಿತಿಗಳಲ್ಲಿಯೂ ವಿಪ್ ನಡೆಯುವುದಿಲ್ಲ. ಮಸೂದೆಯೊಂದು ಅಲ್ಲಿಗೆ ಹೋದಾಗ ಸಾರ್ವಜನಿಕರ ಸಲಹೆ ಕೋರಿ ಪತ್ರಿಕೆಗಳಲ್ಲಿ ಪ್ರಕಟಣೆ ಬರುವುದುಂಟು. ಸಿನಿಮಾ ಪುಟಕ್ಕೆ ಧಾವಿಸುವವರ ಕಣ್ಣಿಗೆ ಅದು ಬೀಳುವುದು ಅಪರೂಪ. ಹೈಸ್ಕೂಲು ಹುಡುಗಿಗೆ ಮತವಿಲ್ಲದಿರಬಹುದು, ಅಪ್ಪನ ಜೊತೆ ಕುಳಿತು ಆ ಸಲಹೆ ಬರೆಯುವುದಕ್ಕೇನೂ ತೊಡಕಿಲ್ಲ.