ಗೆಲುವಿನ ಗೆರೆಯ ಮುನ್ನ: ಸೈಕಲ್ ಪಂದ್ಯದ ಕೊನೆಯ ಧಾವನೆ ಕುರಿತ ತಪ್ಪು ಕಲ್ಪನೆಗಳೂ ಸತ್ಯವೂ

ನಮ್ಮ ಚಿನ್ನದ ಗಣಿಯೂರು ಉರಿಗಾಮಿನಿಂದ ಪಡುವಲಿಗೆ, ಬಂಗಾರಪೇಟೆಯ ಕಡೆಗೆ, ಮುಂಗಾರಿನ ದಿನಗಳಲ್ಲಿ ಸೈಕಲ್ ತುಳಿದವರಿಗೆ ಎದುರುಗಾಳಿಯ ಪ್ರತಾಪವನ್ನು ವಿವರಿಸಿ ಹೇಳಬೇಕಾದುದಿಲ್ಲ. ಮರಳುವಾಗ ಅದೇ ಗಾಳಿ ಬೆನ್ನಿಗೆ ನಿಂತು ನೆರವಾಗುವುದೂ ಅವರಿಗೆ ಅನುಭವವೇದ್ಯವೇ. ಆದರೂ, ನೂರಾರು ಕಿಲೋಮೀಟರುಗಳ ಶ್ರಮವು ಕೆಲವೇ ಕ್ಷಣಗಳಲ್ಲಿ ನಿರ್ಣಯವಾಗುವ ಸ್ಪ್ರಿಂಟ್ ಎಂಬ ಕೊನೆಯ ಧಾವನೆಯನ್ನು, ಅದು ವಿಜಯಪುರ, ಬಾಗಲಕೋಟೆ ಸೀಮೆಯ ಸೈಕಲ್ ಶರ್ಯತ್ತಿನಲ್ಲಾಗಲಿ ಟೂರ್ ಡಿ ಫ್ರಾನ್ಸಿನಲ್ಲಾಗಲಿ, ಕಾಣುವಾಗ ನಮ್ಮಲ್ಲಿ ಬಹುಮಂದಿ ಗಾಳಿಯನ್ನು ಮರೆತು ತೊಡೆಗಳನ್ನಷ್ಟೇ ನೋಡುತ್ತೇವೆ. ಈ ಮರೆವಿನಿಂದ ಹುಟ್ಟಿದ ಕೆಲವು ತಪ್ಪು ಕಲ್ಪನೆಗಳನ್ನು ಇಲ್ಲಿ ಪರಿಶೀಲಿಸಬಹುದು.

ತಪ್ಪು ಕಲ್ಪನೆ: ಕಾಲಿನಲ್ಲಿ ಹೆಚ್ಚು ಬಲವುಳ್ಳವನೇ ಗೆಲ್ಲುತ್ತಾನೆ.

ಸತ್ಯ: ಬಲವು ಅವಶ್ಯಕವೇ ಹೌದು, ಆದರೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವವನು 66ಕ್ಕೆ ಏರಬೇಕಾದರೆ ಗಾಳಿಯ ಲೆಕ್ಕಕ್ಕೇ ಸುಮಾರು ಮೂರನೆಯ ಒಂದು ಭಾಗದಷ್ಟು ಅಧಿಕ ಶಕ್ತಿಯನ್ನು ವ್ಯಯಮಾಡಬೇಕಾಗುತ್ತದೆ. ಆದುದರಿಂದ ಇದ್ದ ಶಕ್ತಿಯನ್ನು ಕಾದಿಟ್ಟುಕೊಳ್ಳುವುದೂ, ಮೈಯನ್ನು ಹ್ಯಾಂಡಲಿನ ಮೇಲೆ ತಗ್ಗಿಸಿ ಗಾಳಿಗೆ ಕಿರಿದಾಗಿ ತೋರುವುದೂ ಬಲದಷ್ಟೇ ಮುಖ್ಯವಾಗುತ್ತವೆ. ಬರ್ಟ್ ಬ್ಲಾಕನ್ ಎಂಬ ವಿಜ್ಞಾನಿಯ ತಂಡವು 121 ಸವಾರರ ಗುಂಪನ್ನು ಕಲ್ಪಿಸಿಕೊಂಡು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗುಂಪಿನ ಒಳಗೆ ಆಳದಲ್ಲಿರುವವನು ಎದುರಿಸುವ ಗಾಳಿಯ ಪ್ರತಿರೋಧವು ಒಂಟಿ ಸವಾರನದರ ಶೇ. 5ರಿಂದ 10ರಷ್ಟು ಮಾತ್ರ. ಭೀಮಕಾಯನೇನೂ ಅಲ್ಲದ ಮಾರ್ಕ್ ಕ್ಯಾವೆಂಡಿಷ್, ತನ್ನ 39ನೆಯ ವಯಸ್ಸಿನಲ್ಲಿ, 2024ರ ಜುಲೈ 3ರಂದು ಟೂರ್‌ನಲ್ಲಿ ತನ್ನ 35ನೆಯ ಹಂತವನ್ನು ಗೆದ್ದು ಎಡಿ ಮರ್ಕ್ಸ್‌ನ 34ರ ದಾಖಲೆಯನ್ನು ದಾಟಿದುದರಲ್ಲಿ, ತಗ್ಗಿದ ಆ ದೇಹಭಂಗಿಯ ಪಾಲು ಅಲ್ಪವಾದುದಲ್ಲ.

ತಪ್ಪು ಕಲ್ಪನೆ: ಕೊನೆಯ ಕಿಲೋಮೀಟರಿನಲ್ಲಿ ಎಲ್ಲರಿಗಿಂತ ಮುಂದಿರುವವನಿಗೇ ಜಯ.

ಸತ್ಯ: ಬಹು ಬೇಗ ಮುಂದಾದವನು ತನ್ನ ಹಿಂದಿನವರಿಗೆಲ್ಲ ಗಾಳಿಯ ಮರೆಯಾಗಿ, ಅವರ ಗೆಲುವಿಗೆ ತಾನೇ ಸಾಧನವಾಗುತ್ತಾನೆ; ಬಹಳ ಹಿಂದುಳಿದವನಿಗಾದರೋ, ಎಷ್ಟೇ ವೇಗವಿದ್ದರೂ, ಮುಂದೆ ಬರಲು ದಾರಿಯೇ ದೊರೆಯದು. ಆದುದರಿಂದ ಜಾಣ ಸವಾರನು ಮೂರನೆಯ ಅಥವಾ ನಾಲ್ಕನೆಯ ಸ್ಥಾನದಲ್ಲಿ, ಮುಂದಿನವನ ಚಕ್ರಕ್ಕೆ ಅಂಟಿಕೊಂಡಂತೆ ಬಂದು, ಗೆರೆ ಸುಮಾರು 200 ಮೀಟರ್ ದೂರವಿರುವಾಗ ಮರೆಯಿಂದ ಹೊರಬೀಳುತ್ತಾನೆ. ಈ ದೂರವೂ ಸ್ಥಿರವಲ್ಲ. ಎದುರುಗಾಳಿಯಿದ್ದರೆ ತಡವಾಗಿ, ಬೆನ್ನುಗಾಳಿಯಿದ್ದರೆ ಬೇಗನೆ ಹೊರಡಬೇಕು. ಉರಿಗಾಮಿನಿಂದ ಹೊರಟ ಪಂದ್ಯವೊಂದು ಮುಂಗಾರಿನಲ್ಲಿ ಬಂಗಾರಪೇಟೆಯಲ್ಲಿ ಮುಗಿಯುವುದಾದರೆ ತಾಳ್ಮೆಯುಳ್ಳವನಿಗೂ, ಅಲ್ಲಿಂದ ಹೊರಟು ಇಲ್ಲಿ ಮುಗಿಯುವುದಾದರೆ ಸಾಹಸಿಗೂ ಅನುಕೂಲ ಹೆಚ್ಚು. ಗಾಳಿ ಎಡದಿಂದ ಬೀಸಿದರೆ ಮರೆಯು ಮುಂದಿನವನ ಬಲಹಿಂಬದಿಯಲ್ಲಿರುತ್ತದೆ. ಹಾಗಿರುವಾಗ ರಸ್ತೆಯ ಬಲ ಅಂಚನ್ನು ಹಿಡಿದು ಧಾವಿಸುವವನು, ತನ್ನನ್ನು ದಾಟಬಯಸುವವರನ್ನು ಗಾಳಿಯ ಪಾರ್ಶ್ವದಿಂದಲೇ ಬರುವಂತೆ ಮಾಡುತ್ತಾನೆ. ಗಣಿತ್ಯಾಜ್ಯದ ಸೈನೈಡ್ ದಿಬ್ಬಗಳಿಂದ ಏಳುವ ಧೂಳು ಯಾವ ಕಡೆಗೆ ವಾಲುತ್ತದೆಂಬುದನ್ನು ನೋಡಿಯೇ ಗಾಳಿಯ ದಿಕ್ಕನ್ನು ಅರಿಯಬಲ್ಲ ನಮ್ಮೂರಿನ ಹುಡುಗರಿಗೆ ಈ ವಿದ್ಯೆ ದುಸ್ಸಾಧ್ಯವೇನಲ್ಲ.

ತಪ್ಪು ಕಲ್ಪನೆ: ಗೆಲುವು ಒಬ್ಬನದು; ಇನ್ನೊಬ್ಬನ ಹಿಂದೆ ಅಡಗಿ ಬರುವುದು ಅನ್ಯಾಯ.

ಸತ್ಯ: ಚಕ್ರದ ಹಿಂದೆ ಬರುವುದು ರಸ್ತೆಪಂದ್ಯದಲ್ಲಿ ನಿಯಮಬದ್ಧವಾದುದು ಮಾತ್ರವಲ್ಲ, ಅದೇ ಈ ಕ್ರೀಡೆಯ ಜೀವಾಳ. ತಂಡದವರು ಸಾಲುಗಟ್ಟಿ, ಒಬ್ಬೊಬ್ಬರಾಗಿ ಮುಂದೆ ದುಡಿದು, ದಣಿದೊಡನೆ ಪಕ್ಕಕ್ಕೆ ಸರಿದು, ಕೊನೆಯವನನ್ನು ಅವನ ಶಕ್ತಿ ಕುಂದದಂತೆ ಗೆರೆಯ ಸಮೀಪಕ್ಕೆ ತಂದು ಬಿಡುತ್ತಾರೆ. ನಮ್ಮ ಗಣಿಗಳ ಆಳದ ಸುರಂಗಗಳಲ್ಲಿ ಚಾವಣಿಗೆ ಮರದ ಆಧಾರ ಕೊಟ್ಟವರ ದುಡಿಮೆಯಿಲ್ಲದೆ ಚಾಂಪಿಯನ್ ರೀಫಿನ ಚಿನ್ನ ಹೇಗೆ ಮೇಲಕ್ಕೆ ಬರುತ್ತಿರಲಿಲ್ಲವೋ, ಹಾಗೆಯೇ ಇವರ ದುಡಿಮೆಯಿಲ್ಲದೆ ಆ ಜಯವೂ ಬಾರದು. 2009ರ ಟೂರ್‌ನ ಕೊನೆಯ ದಿನ, ಪ್ಯಾರಿಸಿನಲ್ಲಿ, ಕ್ಯಾವೆಂಡಿಷ್‌ನನ್ನು ಕರೆತಂದ ಮಾರ್ಕ್ ರೆನ್‌ಷಾ ತಾನೇ ಎರಡನೆಯವನಾಗಿ ಗೆರೆ ದಾಟಿದನು. ಅಷ್ಟರಮಟ್ಟಿಗೆ ಉಳಿದವರೆಲ್ಲ ಹಿಂದುಳಿದಿದ್ದರು. ಇಂಥ ಸಾಲಿನ ನೆರವು ಬಹುಮಟ್ಟಿಗೆ ಇಲ್ಲದೆಯೇ, ಎದುರಾಳಿಗಳ ಚಕ್ರಗಳನ್ನು ಆಯ್ದುಕೊಂಡು, 2002, 2004 ಮತ್ತು 2006ರಲ್ಲಿ ಟೂರ್‌ನ ಅಂಕಪಟ್ಟಿಯ ಹಸಿರು ಅಂಗಿಯನ್ನು ಗೆದ್ದ ರಾಬಿ ಮೆಕ್ಯೂಯನ್‌ನಂಥವರೂ ಉಂಟು. ಆದರೆ ಅವನೂ ಯಾರದೋ ಮರೆಯಲ್ಲಿಯೇ ಬಂದವನೆಂಬುದನ್ನು ಗಮನಿಸಬೇಕು.

ತಪ್ಪು ಕಲ್ಪನೆ: ಕೊನೆಯ ಧಾವನೆಯಲ್ಲಿ ನೂಕುವುದೂ ಅಡ್ಡಗಟ್ಟುವುದೂ ತಂತ್ರವೇ.

ಸತ್ಯ: ಧಾವನೆ ಆರಂಭವಾದ ಮೇಲೆ ತಾನು ಹಿಡಿದ ಪಥವನ್ನು ಬಿಟ್ಟು ಪರರಿಗೆ ಅಪಾಯವೊಡ್ಡುವವನನ್ನು ನಿಯಮಗಳು ಕೆಳಸ್ಥಾನಕ್ಕೆ ತಳ್ಳುತ್ತವೆ, ಇಲ್ಲವೆ ಹೊರಗೆ ಹಾಕುತ್ತವೆ. ಮೇಲೆ ಹೊಗಳಿದ ರೆನ್‌ಷಾ ಕೂಡ 2010ರಲ್ಲಿ ಪ್ರತಿಸ್ಪರ್ಧಿಯನ್ನು ತಲೆಯಿಂದ ಗುದ್ದಿದುದಕ್ಕಾಗಿ ಟೂರ್‌ನಿಂದಲೇ ಹೊರಬಿದ್ದನು.

ತಪ್ಪು ಕಲ್ಪನೆ: ಗೆರೆ ಕಣ್ಣಿಗೆ ಬಿದ್ದರೆ ಗೆದ್ದಂತೆಯೇ.

ಸತ್ಯ: ಮುಂಚಕ್ರದ ಟೈರು ಗೆರೆಯನ್ನು ಮುಟ್ಟಿದ ಕ್ಷಣವೇ ಪಂದ್ಯದ ಅಂತ್ಯ, ಆದಕಾರಣ ಅನುಭವಿಗಳು ಕೈಗಳನ್ನು ನೀಡಿ ಸೈಕಲನ್ನು ಮುಂದಕ್ಕೆ ಎಸೆದಂತೆ ನೂಕುತ್ತಾರೆ. 2004ರ ಮಿಲಾನ್–ಸ್ಯಾನ್ ರೆಮೊ ಪಂದ್ಯದಲ್ಲಿ ಎರಿಕ್ ಜಾಬೆಲ್ ಗೆರೆಗೆ ಮೊದಲೇ ಕೈಯೆತ್ತಿ ಆಸ್ಕರ್ ಫ್ರೇರಿಗೆ ಜಯವನ್ನು ಬಿಟ್ಟುಕೊಟ್ಟನು. 2017ರ ಟೂರ್‌ನ ಏಳನೆಯ ಹಂತವನ್ನು ಮಾರ್ಸೆಲ್ ಕಿಟೆಲ್ ಗೆದ್ದುದು ಕೇವಲ 6 ಮಿಲಿಮೀಟರುಗಳ ಅಂತರದಿಂದ.

ಇಷ್ಟನ್ನು ಅರಿತು ನೋಡುವವರು ಕೊನೆಯ ಮೂರು ಕಿಲೋಮೀಟರುಗಳಲ್ಲಿ ವಿಜೇತನನ್ನೇ ಹುಡುಕದೆ, ಯಾರು ಯಾರ ಹಿಂದೆ ಇದ್ದಾರೆ, ಯಾರು ಯಾರಿಗಾಗಿ ಗಾಳಿಯನ್ನು ತಡೆಯುತ್ತಿದ್ದಾರೆ ಎಂಬುದರ ಮೇಲೆ ದೃಷ್ಟಿಯಿಡಲಿ. ಪಂದ್ಯಕ್ಕಿಳಿಯಬಯಸುವ ಕಿರಿಯರಾದರೋ, ಚಕ್ರಕ್ಕೆ ಚಕ್ರ ತಾಗಿದರೆ ಹಿಂದಿನವನೇ ಬೀಳುವನೆಂಬುದನ್ನು ನೆನಪಿನಲ್ಲಿಟ್ಟು, ವಾಹನಗಳು ಓಡಾಡುವ ಹೆದ್ದಾರಿಯಲ್ಲಲ್ಲದೆ ತೆರವಾದ ಬಯಲಿನಲ್ಲಿ, ಗೆಳೆಯನ ಹಿಂದೆ ಸಮವೇಗದಲ್ಲಿ ಸಾಗುವುದನ್ನು ಮೊದಲು ಕಲಿಯಲಿ. ಮುಂದೆ ನಿಂತು ಅವನಿಗೆ ಮರೆಯಾಗುವ ಸರದಿಯನ್ನೂ ಅಷ್ಟೇ ಶ್ರದ್ಧೆಯಿಂದ ನಿರ್ವಹಿಸಲಿ. ವೇಗದ ಅಭ್ಯಾಸಕ್ಕೆ ಆ ಮೇಲೆ ಅವಕಾಶವಿದ್ದೇ ಇದೆ.