ಗೀಚುತ್ತಾ ಕೂತವರೇ ಗೆದ್ದರು!

ಒಂದು ಪಂದ್ಯ ಕಟ್ಟೋಣವೇ?

ಎರಡು ಗುಂಪು ಜನ. ಎರಡಕ್ಕೂ ಕೇಳಿಸುವುದು ಒಂದೇ ಟೇಪು. ಅಂತಿಂಥ ಟೇಪಲ್ಲ, ಆಕಳಿಕೆ ಬರಿಸಲೆಂದೇ ಬರೆದು, ಏರಿಳಿತವೇ ಇಲ್ಲದ ದನಿಯಲ್ಲಿ ಓದಿಸಿದ್ದು! ಒಂದು ಗುಂಪು ಬರೀ ಕಿವಿಗೊಟ್ಟು ಕೂತಿತು. ಇನ್ನೊಂದು ಗುಂಪು ಕೇಳುತ್ತಲೇ ಹಾಳೆಯ ಮೇಲಿನ ಚೌಕ, ವೃತ್ತಗಳೊಳಗೆ ಪೆನ್ಸಿಲಿನಿಂದ ಗೀಚಿ ಗೀಚಿ ತುಂಬಿತು. ಟೇಪು ಮುಗಿದ ಮೇಲೆ ಯಾರಿಗೆ ಹೆಚ್ಚು ನೆನಪಿತ್ತು?

ಮನಸ್ಸಿನಲ್ಲೇ ಒಂದು ಗುಂಪು ಆರಿಸಿಕೊಳ್ಳಿ. ಆರಿಸಿದಿರಾ? ಇನ್ನು ಬದಲಾಯಿಸುವಂತಿಲ್ಲ!

ಮೇಷ್ಟ್ರುಗಳನ್ನು ಕೇಳಿದರೆ ಬಹುಪಾಲು ಮೊದಲನೇ ಗುಂಪನ್ನೇ ಆರಿಸುತ್ತಾರೆ. ನೋಟ್‌ಬುಕ್ಕಿನ ಕಡೇ ಪುಟದಲ್ಲಿ ಹೂವು, ಕಣ್ಣು, ಮೀಸೆ ಗೀಚುತ್ತಿದ್ದ ಹುಡುಗನನ್ನು ಎಬ್ಬಿಸಿ ನಿಲ್ಲಿಸಿ, 'ಈಗ ನಾನೇನು ಹೇಳಿದೆ, ಹೇಳು' ಎಂದು ಗದರಿಸುವುದು ಯಾವ ಶಾಲೆಯಲ್ಲಿ ಇಲ್ಲ? ಆಫೀಸಿನ ಮೀಟಿಂಗುಗಳಲ್ಲೂ ಅದೇ ಕಥೆ. ಗೀಚುವವನು ಕೇಳುತ್ತಿಲ್ಲ ಎಂದೇ ಲೆಕ್ಕ.

ಈಗ ಬ್ರಿಟನ್ನಿಗೆ ಬನ್ನಿ. ಪ್ಲಿಮತ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಜಾಕಿ ಆಂಡ್ರೇಡ್ ಈ ಪಂದ್ಯವನ್ನು ನಿಜಕ್ಕೂ ಕಟ್ಟಿದರು! ಫಲಿತಾಂಶ ಹೊರಬಿದ್ದದ್ದು 2009ರಲ್ಲಿ.

ಅವರ ಉಪಾಯ ನೋಡಿ. ಬೇರೊಂದು ಪ್ರಯೋಗ ಮುಗಿಸಿ ಇನ್ನೇನು ಮನೆಗೆ ಹೊರಡಬೇಕು ಎನ್ನುವ ಜನರನ್ನೇ ತಡೆದು, 'ಇನ್ನು 5 ನಿಮಿಷ ಕೂತಿರಿ' ಎಂದು ಕೇಳಿಕೊಂಡರು. ಒಟ್ಟು 40 ಮಂದಿ. ಕಣ್ಣಿಗೆ ಕುತೂಹಲ ಹುಟ್ಟಿಸುವ ಏನೂ ಇಲ್ಲದ ಸಪ್ಪೆ ಕೋಣೆ. ಬೇಸರವನ್ನು ಇಷ್ಟು ಕಾಳಜಿಯಿಂದ ತಯಾರಿಸಿದವರು ಇನ್ನಾರಾದರೂ ಇದ್ದಾರೆಯೇ!

ಟೇಪಿನಲ್ಲಿ ಏನಿತ್ತು? ಹುಟ್ಟುಹಬ್ಬಕ್ಕೆ ಕರೆಯುವ ಒಂದು ಫೋನ್ ಕರೆ. ಎರಡೂವರೆ ನಿಮಿಷ ಎಡೆಬಿಡದ ಮಾತು. ಯಾರದೋ ಬೆಕ್ಕಿಗೆ ಹುಷಾರಿಲ್ಲ. ಯಾರದೋ ಅಡುಗೆಮನೆ ರಿಪೇರಿ. ಕೋಲ್ಚೆಸ್ಟರಿನಲ್ಲಿ ಯಾರೋ ಹೊಸ ಮನೆ ಮಾಡಿದ್ದಾರೆ. ಎಡಿನ್‌ಬರೋಗೆ ಹೋದರೆ ಬರೀ ಮಳೆ, ಬರೀ ಮ್ಯೂಸಿಯಂ. ಇದರ ನಡುವೆ ಅಲ್ಲೊಂದು ಇಲ್ಲೊಂದು ಎಂಬಂತೆ ಪಾರ್ಟಿಗೆ ಬರುವ 8 ಮಂದಿಯ ಹೆಸರು, 8 ಊರುಗಳ ಹೆಸರು. ಬರಲಾಗದವರ ಹೆಸರುಗಳೂ ಸೇರಿಕೊಂಡಿವೆ, ದಾರಿ ತಪ್ಪಿಸಲು!

ಕೊಟ್ಟ ಕೆಲಸ ಸುಲಭದ್ದು: ಬರುವವರ ಹೆಸರು ಮಾತ್ರ ಬರೆದುಕೊಳ್ಳಿ. ಉಳಿದದ್ದೇನೂ ನೆನಪಿಡುವುದು ಬೇಡ. ಅರ್ಧ ಜನರಿಗೆ ಚೌಕ, ವೃತ್ತಗಳಿದ್ದ ಹಾಳೆ ಕೊಟ್ಟು, ಬೇಸರ ಕಳೆಯಲು ಇವನ್ನು ತುಂಬುತ್ತಿರಿ, ಅಂದವಾಗಿಯೇ ತುಂಬಬೇಕೆಂದಿಲ್ಲ ಎಂದರು. ಒಬ್ಬೊಬ್ಬರು ಸರಾಸರಿ 36 ಆಕೃತಿಗಳನ್ನು ತುಂಬಿದರು. ಒಬ್ಬರಂತೂ 110!

ಟೇಪು ನಿಂತಿತು. ಹೆಸರು ಬರೆದುಕೊಂಡ ಹಾಳೆಗಳನ್ನು ತಿರುವಿ ನೋಡಿದರೆ, ಗೀಚಿದವರು 8ಕ್ಕೆ ಸರಾಸರಿ 7.8 ಹೆಸರು ಹಿಡಿದಿದ್ದರು. ಗೀಚದವರು 7.1. ಗಮನದಲ್ಲೇ ಒಂದು ಹೆಜ್ಜೆ ಮುಂದು!

ಆಟ ಮುಗಿದಿರಲಿಲ್ಲ. ಈಗ ಬಂತು ಅನಿರೀಕ್ಷಿತ ಪರೀಕ್ಷೆ: ಟೇಪಿನಲ್ಲಿ ಕೇಳಿದ ಹೆಸರುಗಳು ಯಾವುವು? ಊರುಗಳು ಯಾವುವು? ನೆನಪಿನಿಂದ ಹೇಳಿ! ಬೇಡ ಎಂದಿದ್ದನ್ನೇ ಕೇಳಿದರು!

ಬರೀ ಕೇಳಿದವರು ನೆನಪಿಸಿಕೊಂಡದ್ದು ಸರಾಸರಿ 5.8. ಗೀಚಿದವರು 7.5. ಅಂದರೆ ಎಷ್ಟು ಹೆಚ್ಚು ಗೊತ್ತೇ?

ಶೇ 29!

ಕೈಯಲ್ಲಿ ಪೆನ್ಸಿಲ್ ಆಡಿಸಿದ್ದಕ್ಕೆ ಶೇ 29ರಷ್ಟು ಹೆಚ್ಚು ನೆನಪು! ಯಾವ ಲೇಹ್ಯವೂ ಇಲ್ಲ, ಯಾವ ತರಬೇತಿಯೂ ಇಲ್ಲ. ಕಡೇ ಬೆಂಚಿನ ಹುಡುಗರೇ, ಕೇಳಿಸಿತೇ?

ಹೇಗೆ ಸಾಧ್ಯ? ಇಲ್ಲೇ ಇರುವುದು ನನ್ನನ್ನು ಬೆರಗುಗೊಳಿಸಿದ ಸಂಗತಿ. ಬೇಸರವಾದಾಗ ಮಿದುಳು ಮಂಕಾಗಿ ಬಿದ್ದುಕೊಳ್ಳುತ್ತದೆ ಎಂದುಕೊಂಡಿದ್ದೀರಾ? ಇಲ್ಲವೇ ಇಲ್ಲ! ದೇಹದ ತೂಕದಲ್ಲಿ ಶೇ 2ರಷ್ಟೇ ಇರುವ ಮಿದುಳು, ನಾವು ಸುಮ್ಮನೆ ಕೂತಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಶೇ 20ರಷ್ಟನ್ನು ಬಳಸುತ್ತದೆ. ಹೊರಗೆ ಕೆಲಸವಿಲ್ಲದಾಗ ಮಿದುಳಿನ ಕೆಲವು ಭಾಗಗಳು ಇನ್ನಷ್ಟು ಚುರುಕಾಗುತ್ತವೆ! ಅಮೆರಿಕದ ಮಾರ್ಕಸ್ ರೈಕ್ಲ್ ಮತ್ತು ಸಂಗಡಿಗರು 2001ರಲ್ಲಿ ಇದನ್ನು ಬರೆದಾಗ ಮಿದುಳು ವಿಜ್ಞಾನಕ್ಕೆ ಹೊಸ ಬಾಗಿಲೇ ತೆರೆಯಿತು.

ಆ ಹೊತ್ತಿನಲ್ಲಿ ತಲೆಯೊಳಗೆ ನಡೆಯುವುದೇನು? ಹಗಲುಗನಸು! ಭಾನುವಾರ ಊರಿಗೆ ಯಾವ ಬಸ್ಸು ಹಿಡಿಯಲಿ, ಅತ್ತಿಗೆಗೆ ಏನು ಒಯ್ಯಲಿ, ಮನೆ ಸಾಲದ ಕಂತು ಕಟ್ಟಿದೆನೇ... ಇದು ಭಾರೀ ಕೆಲಸ. ಕೇಳಿಸಿಕೊಳ್ಳಲು, ಹಿಡಿದಿಡಲು ಬೇಕಾದ ಗಮನವನ್ನೆಲ್ಲ ಇದೇ ಕಬಳಿಸುತ್ತದೆ. ಕಣ್ಣು ಮೇಷ್ಟ್ರ ಮೇಲೆ, ಮನಸ್ಸು ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ!

ಗೀಚುವ ಕೈ ಈ ಓಟವನ್ನೇ ತಡೆಯುತ್ತದೆ ಎನ್ನುವುದು ಆಂಡ್ರೇಡ್ ಕೊಡುವ ವಿವರಣೆ. ಒಲೆಯ ಮುಂದಿರುವ ತಾಯಿ ಕೂಸಿನ ಕೈಗೊಂದು ಚಮಚ ಕೊಟ್ಟು ಕೂರಿಸಿದಂತೆ! ಕೂಸು ಅಂಗಳ ದಾಟುವುದಿಲ್ಲ, ತಾಯಿಯ ಕೆಲಸವೂ ನಿಲ್ಲುವುದಿಲ್ಲ. ಕನಸು ಶುರುವಾಗದಷ್ಟು ಕೆಲಸ, ಕಿವಿ ಮುಚ್ಚಿಹೋಗದಷ್ಟು ಹಗುರ.

ಆದರೆ ತಾಳಿ! ಎಲ್ಲ ಗೀಚಾಟವೂ ಒಂದೇ ಅಲ್ಲ.

ಕೇಳಬೇಕಾದದ್ದು ಕಿವಿಗೆ ಬರುತ್ತಿದ್ದರೆ ಸರಿ. ಕಣ್ಣಿನಿಂದಲೇ ನೋಡಿ ನೆನಪಿಡಬೇಕಾದ ಚಿತ್ರಗಳಿದ್ದರೆ? ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 2012ರಲ್ಲಿ ಅದನ್ನೂ ನೋಡಿದರು. ಅಲ್ಲಿ ಗೀಚಿದವರು ಸೋತರು! ಎರಡೂ ಕೆಲಸಕ್ಕೆ ಇರುವುದು ಅದೇ ಕಣ್ಣಲ್ಲವೇ.

ಇನ್ನೊಂದು ತಿರುವು ಅದೇ ದೇಶದ ವಾಟರ್‌ಲೂ ವಿಶ್ವವಿದ್ಯಾಲಯದ್ದು. ಮೈರಾ ಫರ್ನಾಂಡಿಸ್ ಮತ್ತು ಜೆಫ್ರಿ ವ್ಯಾಮ್ಸ್ ಅವರ ತಂಡ ಜನರಿಗೆ ಪದಗಳನ್ನು ಕೊಟ್ಟಿತು. ಕೆಲವನ್ನು ಮತ್ತೆ ಮತ್ತೆ ಬರೆಯಬೇಕು, ಕೆಲವನ್ನು ಚಿತ್ರವಾಗಿ ಬಿಡಿಸಬೇಕು. ಯಾವುದು ಹೆಚ್ಚು ನೆನಪಿತ್ತು, ಊಹಿಸಿ! ಬಿಡಿಸಿದ ಪದಗಳು. ಎಷ್ಟು? ಬರೆದ ಪದಗಳ ಎರಡರಷ್ಟು! ಬರೀ 4 ಸೆಕೆಂಡಿನಲ್ಲಿ ಬಿಡಿಸಿದರೂ ಲಾಭ ಸಿಕ್ಕಿತು. ಚಿತ್ರ ಚೆನ್ನಾಗಿರಬೇಕೆಂದೂ ಇಲ್ಲ, ಸೇಬು ಕುಂಬಳಕಾಯಿಯಂತೆ ಕಂಡರೂ ಸರಿ! ಅದೇ ತಂಡ 2019ರಲ್ಲಿ ಪದಕ್ಕೆ ಸಂಬಂಧವಿಲ್ಲದ ಗೀಚಾಟವನ್ನೂ ಪಕ್ಕದಲ್ಲಿಟ್ಟು ಅಳೆಯಿತು. ಅದರಿಂದ ಆ ಲಾಭ ಸಿಗಲಿಲ್ಲ. ಹಾಗಾಗಿ ನಾನು ಹೇಳುವುದಿಷ್ಟು: ನಾಳಿನ ಪರೀಕ್ಷೆಗೆ ಹೃದಯದ ಕವಾಟ ಕಲಿಯಬೇಕೇ? ಕವಾಟವನ್ನೇ ಬಿಡಿಸಿ. ಕಣ್ಣೆಳೆಯುವ ಮೀಟಿಂಗಿನಲ್ಲಿ ಎಚ್ಚರವಾಗಿರಬೇಕೇ? ಚೌಕಗಳನ್ನು ತುಂಬಿ!

ಗೀಚುವವರನ್ನು ಕಂಡು ತೀರ್ಪು ಕೊಡುವವರಿಗೆ ಒಂದು ಘಟನೆ ಹೇಳಲೇಬೇಕು. 2005ರ ಜನವರಿ, ಸ್ವಿಟ್ಜರ್ಲೆಂಡಿನ ದಾವೋಸ್. ಬ್ರಿಟನ್ನಿನ ಪ್ರಧಾನಿ ಟೋನಿ ಬ್ಲೇರ್ ಕೂತಿದ್ದ ಮೇಜಿನ ಮೇಲೆ ಗೀಚಿದ ಹಾಳೆ ಸಿಕ್ಕಿತು. ಪತ್ರಿಕೆಗಳು ಕೈಬರಹ ತಜ್ಞರನ್ನು ಕೂರಿಸಿಕೊಂಡು ಅದನ್ನು ಓದಿಸಿದವು. ಮನಸ್ಸು ನಿಲ್ಲದ ವ್ಯಕ್ತಿ, ಒತ್ತಡದಲ್ಲಿ ಬಳಲುತ್ತಿದ್ದಾನೆ ಎಂಬ ತೀರ್ಮಾನವೂ ಬಂತು. ಆಮೇಲೆ ತಿಳಿಯಿತು, ಗೀಚಿದ್ದು ಬ್ಲೇರ್ ಅಲ್ಲವೇ ಅಲ್ಲ! ಪಕ್ಕದಲ್ಲಿದ್ದ ಇನ್ನೊಬ್ಬರು. ಯಾರು ಹೇಳಿ?

ಬಿಲ್ ಗೇಟ್ಸ್!

ಇಷ್ಟಕ್ಕೇ ಬೆರಗಾಗಬೇಡಿ. ಎಲ್ಲಕ್ಕಿಂತ ದೊಡ್ಡದನ್ನು ಕೊನೆಗೆಂದು ಉಳಿಸಿಕೊಂಡಿದ್ದೇನೆ.

1963. ಪೋಲೆಂಡಿನಿಂದ ಅಮೆರಿಕಕ್ಕೆ ಬಂದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ಒಂದು ವಿಜ್ಞಾನ ಸಮ್ಮೇಳನದಲ್ಲಿ ಕೂತಿದ್ದರು. ಉದ್ದನೆಯ, ತೀರಾ ಬೇಸರದ ಪ್ರಬಂಧ ಓದು. ಉಲಾಮ್ ಗೀಚತೊಡಗಿದರು. ನೀವೂ ಪೆನ್ಸಿಲ್ ತೆಗೆದುಕೊಳ್ಳಿ, ಈಗಲೇ! ಚೌಕುಳಿ ಹಾಳೆಯ ನಡುವೆ 1 ಬರೆಯಿರಿ. ಬಲಕ್ಕೆ 2. ಅದರ ಮೇಲೆ 3. ಎಡಕ್ಕೆ 4, 5. ಕೆಳಕ್ಕೆ 6, 7. ಬಲಕ್ಕೆ 8, 9, 10. ಹೀಗೆಯೇ ಸುರುಳಿ ಸುತ್ತುತ್ತಾ ಹೋಗಿ. ಈಗ ಅವಿಭಾಜ್ಯ ಸಂಖ್ಯೆಗಳಿಗೆ ಮಾತ್ರ ಸುತ್ತು ಹಾಕಿ: 2, 3, 5, 7, 11, 13...

ಕಂಡಿತೇ? ಲಂಗುಲಗಾಮಿಲ್ಲದೆ ಚದುರಿವೆ ಎಂದುಕೊಂಡ ಸಂಖ್ಯೆಗಳು ಓರೆ ಗೆರೆಗಳಲ್ಲಿ ಸಾಲುಗಟ್ಟುತ್ತಿವೆ!

ಉಲಾಮ್ ಇದನ್ನು ಲಾಸ್ ಅಲಮೋಸ್ ಪ್ರಯೋಗಾಲಯದ ಮೇನಿಯಾಕ್ ಕಂಪ್ಯೂಟರಿಗೆ ಕೊಟ್ಟರು. 65,000ದವರೆಗೆ ಸುತ್ತಿದರೂ ಗೆರೆಗಳು ಮಾಯವಾಗಲಿಲ್ಲ. 1964ರ ಮಾರ್ಚಿನಲ್ಲಿ ಆ ಸುರುಳಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ಮುಖಪುಟವನ್ನೇ ಏರಿತು! ಕೆಲವು ಗೆರೆಗಳಲ್ಲಿ ಅವಿಭಾಜ್ಯಗಳು ಇಷ್ಟೊಂದು ದಟ್ಟವಾಗಿರುವುದು ಏಕೆಂದು ಗಣಿತಜ್ಞರು ಪೂರ್ತಿಯಾಗಿ ಸಾಧಿಸಿ ತೋರಿಸುವುದು ಇನ್ನೂ ಬಾಕಿಯಿದೆ.

ಮುಂದಿನ ಮೀಟಿಂಗಿಗೆ ನಿಮಗೊಂದು ಕೆಲಸ. ನಡುವೆ 1ರ ಬದಲು 41 ಬರೆದು ಸುರುಳಿ ಶುರುಮಾಡಿ. 41ರ ಮೂಲಕ ಹಾಯುವ ಓರೆ ಗೆರೆಗಳಲ್ಲಿ ಒಂದರ ಮೇಲೆ ಕಣ್ಣಿಡಿ. ಅದರಲ್ಲಿ ಒಂದೂ ತಪ್ಪದೆ ಎಷ್ಟು ಅವಿಭಾಜ್ಯ ಸಂಖ್ಯೆಗಳು ಸಾಲಾಗಿ ನಿಲ್ಲುತ್ತವೆ ಗೊತ್ತೇ? 5? 10?

40!