ಮನೆಯ ದುರಸ್ತಿಯೂ ಮಾರಾಟದ ಬೆಲೆಯೂ

ಮನೆ ಕಟ್ಟುವ ಕಷ್ಟವನ್ನು ಕುರಿತು ನಮ್ಮಲ್ಲಿ ಗಾದೆಯುಂಟು. ಮನೆ ಮಾರುವ ಕಷ್ಟವನ್ನು ಕುರಿತು ಇಲ್ಲ. ನಮ್ಮ ಹಿರಿಯರಿಗೆ ಆ ಪ್ರಸಂಗವೇ ವಿರಳವಾಗಿದ್ದಿರಬೇಕು. ಈಗ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆ ನಾವು ಸಂಚರಿಸುವಾಗ, ಮಕ್ಕಳು ಮೈಸೂರು ಬೆಂಗಳೂರು ಸೇರಿ ವೃದ್ಧ ದಂಪತಿಗಳಷ್ಟೇ ಉಳಿದ ಮನೆಗಳನ್ನು ಊರೂರಿನಲ್ಲಿಯೂ ಕಾಣುತ್ತೇವೆ. “ಸ್ವಾಮಿ, ಮನೆ ಕೊಟ್ಟುಬಿಡಬೇಕೆಂದಿದ್ದೇವೆ. ಅದಕ್ಕೆ ಮುಂಚೆ ಏನಾದರೂ ಮಾಡಿಸಬೇಕೇ?” ಎಂದು ಅವರು ಕೇಳುತ್ತಾರೆ.

ಕೃಷ್ಣರಾಜಪೇಟೆಯ ಸಮೀಪದ ಒಂದು ಕುಟುಂಬದವರು ಮಾತ್ರ ಕೇಳುವ ಮೊದಲೇ ಮಾಡಿಸಿಬಿಟ್ಟಿದ್ದರು. ಯಜಮಾನರ ಶಸ್ತ್ರಚಿಕಿತ್ಸೆಗೆ ಮಾಡಿದ ಸಾಲ ತೀರಿಸಲೆಂದು ಮನೆ ಮಾರಬೇಕಾಗಿತ್ತು. ಒಳ್ಳೆಯ ಬೆಲೆ ಬರಲೆಂದು ಮತ್ತೆ 3 ಲಕ್ಷ ರೂಪಾಯಿ ಸಾಲ ತಂದು ಮುಂಗೋಡೆಗೆ ಕಲ್ಲಿನ ಹೊದಿಕೆ, ನಡುಮನೆಗೆ ಬಣ್ಣದ ದೀಪಗಳ ಒಳಚಾವಣಿ ಹಾಕಿಸಿದರು. ಕೊಳ್ಳಲು ಬಂದ ಉಪಾಧ್ಯಾಯರು ನೇರವಾಗಿ ಅಟ್ಟ ಹತ್ತಿ ಹೆಂಚುಗಳನ್ನು ನೋಡಿದರು. ಇಳಿದು ಬಂದು ನೀರು ಎಲ್ಲಿಂದ, ಕಾಗದಪತ್ರ ಹೇಗಿದೆ ಎಂದು ವಿಚಾರಿಸಿದರು. ಮುಂಗೋಡೆಯನ್ನು ಹೊಗಳಿದರು. ಹೊಗಳಿಕೆಗೆ ಬೆಲೆ ಕೊಡಲಿಲ್ಲ. ಸೋರುವ ಮಾಡಿನ ಖರ್ಚನ್ನು ಲೆಕ್ಕ ಹಾಕಿ ಅಷ್ಟನ್ನೂ ಕಳೆದುಕೊಂಡೇ ಮಾತಾಡಿದರು.

ಕೊಳ್ಳುವವನು ನಮ್ಮ ರುಚಿಯನ್ನು ಕೊಳ್ಳುವುದಿಲ್ಲ, ತಾನು ಪಡಬೇಕಾದ ಕಷ್ಟ ತಪ್ಪಿದುದಕ್ಕೆ ಹಣ ಕೊಡುತ್ತಾನೆ. ಆದುದರಿಂದ ಮೊದಲ ಹಣ ಮಾಡಿಗೆ ಸಲ್ಲಬೇಕು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಕಾರ್ಖಾನೆ ತೆರೆದ ಮೇಲೆ ಹರಡಿದ ಆ ಹೆಂಚು ಇಂದಿಗೂ ನಮ್ಮ ಹಳೆಯ ಮನೆಗಳನ್ನು ಕಾಯುತ್ತಿದೆ. ಒಡೆದ ಹೆಂಚುಗಳನ್ನೂ ಗೆದ್ದಲು ತಿಂದ ರೀಪುಗಳನ್ನೂ ಬದಲಾಯಿಸಿದರೆ ಸಾಕಾಗುವ ಕಡೆ ಮಾಡನ್ನೇ ಕೆಡವಿ ತಾರಸಿ ಹಾಕಿಸುವುದು ದುಂದು. ಈ ಮಾತನ್ನು ನಾವು ತಪ್ಪು ಮಾಡಿಯೇ ಕಲಿತೆವು. ನಮ್ಮ ಪೂರ್ವಿಕರ ತೊಟ್ಟಿಮನೆಯಲ್ಲಿ ಮಳೆಯ ಎರಚಲು ತಪ್ಪಲೆಂದು ತೊಟ್ಟಿಯ ಮೇಲೆ ಶೀಟು ಮುಚ್ಚಿಸಿದೆವು. ಎರಚಲು ತಪ್ಪಿತು, ಬೆಳಕೂ ಗಾಳಿಯೂ ತಪ್ಪಿದವು. ಎರಡು ಮಳೆಗಾಲಗಳಲ್ಲಿ ಕಂಬದ ಬುಡಕ್ಕೆ ಗೆದ್ದಲು ಹತ್ತಿತು. ಆ ಶೀಟು ತೆಗೆಸಲು ಮತ್ತೆ ಕೂಲಿ ತೆತ್ತೆವು.

ನೀರಿನ ವಿಷಯದಲ್ಲಿ ನಾಲ್ಕು ತಾಲ್ಲೂಕುಗಳಿಗೂ ಒಂದೇ ಉಪದೇಶ ಸಲ್ಲದು. ನಾಗಮಂಗಲದ ಬಹುಭಾಗ ಮಳೆಯನ್ನು ನಂಬಿದ ನೆಲ. ಅಲ್ಲಿ ಮಳೆನೀರಿನ ತೊಟ್ಟಿಗೆ ಹಾಕಿದ ಹಣ ವ್ಯರ್ಥವಾಗದು. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 1000 ಚದರಡಿಯ, ಎಂದರೆ ಸುಮಾರು 93 ಚದರ ಮೀಟರ್ ಮಾಡಿಗೆ ವರ್ಷದಲ್ಲಿ 700 ಮಿಲಿಮೀಟರ್ ಬಿದ್ದರೆ 65,000 ಲೀಟರ್. ಹರಿದು ಆರಿ ಹೋದುದನ್ನು ಕಳೆದರೂ 50,000 ಲೀಟರ್ ಕೈಗೆ ಬಂದೀತು. ಪಾಂಡವಪುರ, ಶ್ರೀರಂಗಪಟ್ಟಣಗಳ ನಾಲೆ ಬಯಲಿನಲ್ಲಾದರೋ ತೊಂದರೆ ತೇವದ್ದು. ಅಡಿಪಾಯದಿಂದ ಏರಿದ ತೇವ ಗಾರೆಯನ್ನು ಉದುರಿಸುತ್ತಿರುವಾಗ ಮೇಲೆ ಬಣ್ಣ ಬಳಿಸಿದರೆ ಒಂದು ಮಳೆಗಾಲದಲ್ಲಿಯೇ ಗುಟ್ಟು ರಟ್ಟಾಗುವುದು. ಅಲ್ಲಿ ಅಂಗಳದ ನೀರು ಹೊರಹೋಗುವ ಚರಂಡಿಯೇ ಮೊದಲ ಕೆಲಸ. ಹಿತ್ತಲಿನ ಶೌಚಗೃಹವನ್ನು ಮನೆಯ ಒಳಕ್ಕೆ, ನೆಲಮಟ್ಟದಲ್ಲಿ ತರುವುದು ಎಲ್ಲೆಡೆಯೂ ಬೆಲೆ ತರುತ್ತದೆ. ಮಾರುವವರೆಗೆ ನಮ್ಮ ಮಂಡಿನೋವಿಗೂ ಉಪಕಾರ.

ಪೂಜಾಗೃಹಕ್ಕೆ ಅಮೃತಶಿಲೆಯ ಮಂಟಪ ಕಟ್ಟಿಸುವ ಹಂಬಲ ನಮ್ಮವರಲ್ಲಿ ಈಚೆಗೆ ಹೆಚ್ಚು. ಇಷ್ಟಲಿಂಗ ಕರಸ್ಥಲದಲ್ಲಿರುವವರಿಗೆ ಶುಚಿಯಾದ ಒಂದು ಮೂಲೆ ಸಾಲದೇ? ಮುಂದೆ ಬರುವವರು ಬೇರೆ ಸಂಪ್ರದಾಯದವರಾದರೆ ಆ ಮಂಟಪವನ್ನು ಒಡೆಸುವ ಕೂಲಿಯನ್ನೂ ನಮ್ಮ ಬೆಲೆಯಲ್ಲಿಯೇ ಕಳೆಯುತ್ತಾರೆ.

ಶ್ರೀರಂಗಪಟ್ಟಣದವರಿಗೆ ಪ್ರತ್ಯೇಕವಾದ ಮಾತೊಂದುಂಟು. ಶ್ರೀರಂಗನಾಥ ದೇವಾಲಯ, ದರಿಯಾ ದೌಲತ್, ಗುಂಬಜ್ ಮೊದಲಾದವು ಕೇಂದ್ರದ ಸಂರಕ್ಷಿತ ಸ್ಮಾರಕಗಳು. 1958ರ ಕಾಯಿದೆಗೆ 2010ರಲ್ಲಾದ ತಿದ್ದುಪಡಿಯಂತೆ ಇಂತಹ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿಂದಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ, ಇರುವ ಮನೆಯ ದುರಸ್ತಿಗೂ ಅನುಮತಿ ಬೇಕು. ಎರಡನೆಯದರಲ್ಲಿ ಕಟ್ಟುವುದಕ್ಕೂ ಅನುಮತಿ ಬೇಕು. ನೆರೆಯವರು ಕಟ್ಟಿದ್ದಾರೆಂಬುದು ಅನುಮತಿಯಾಗದು. ಬಾಡಿಗೆಯ ಆಸೆಯಿಂದ ಹಾಗೆ ಏರಿಸಿದ ಮಹಡಿ ಮನೆಯ ಬೆಲೆಯನ್ನು ಏರಿಸುವುದಿಲ್ಲ. ಸಾಲ ಕೊಡುವ ಬ್ಯಾಂಕಿನ ವಕೀಲರು ಕಾಗದ ನೋಡಿದೊಡನೆ ವ್ಯವಹಾರ ನಿಂತುಹೋಗಬಹುದು.

ಕಾಗದವನ್ನು ಸರಿಪಡಿಸುವುದೂ ಮನೆಯ ದುರಸ್ತಿಯೇ ಎಂದು ನಾವು ಹೇಳುತ್ತಿರುತ್ತೇವೆ. 2024ರ ಅಕ್ಟೋಬರಿನಿಂದ ರಾಜ್ಯದಲ್ಲಿ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ತೀರಿಹೋದ ತಂದೆಯ ಹೆಸರಿನಲ್ಲಿಯೇ ಖಾತೆ ಉಳಿದ ಮನೆಗಳು ನಮ್ಮ ಊರುಗಳಲ್ಲಿ ಎಷ್ಟೋ! ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಸೇರಿ ಕುಳಿತು ಅದನ್ನು ಬಗೆಹರಿಸಲು ತಿಂಗಳುಗಳು ಬೇಕು. ಗಾರೆಯವನನ್ನು ಕರೆಯುವ ಮೊದಲು ಈ ಕೆಲಸ ಆರಂಭವಾಗಲಿ.

ಇನ್ನೊಂದು ಚಿಕ್ಕ ಸಂಗತಿ. ಮನೆ ಮಾರಿದಾಗ ಬರುವ ಲಾಭದ ಮೇಲಿನ ವರಮಾನ ತೆರಿಗೆಯ ಲೆಕ್ಕದಲ್ಲಿ, ಹೊಸದಾಗಿ ಸೇರಿಸಿದ ಕೋಣೆ, ಶೌಚಗೃಹಗಳಂತಹ ಅಭಿವೃದ್ಧಿಯ ವೆಚ್ಚವನ್ನು ಕಳೆಯಲು ಅವಕಾಶವಿದೆ; ಸುಣ್ಣಬಣ್ಣದಂತಹ ವಾಡಿಕೆಯ ವೆಚ್ಚಕ್ಕೆ ಇಲ್ಲ. ಅದಕ್ಕೆ ಕಂಟ್ರಾಕ್ಟರನ ರಸೀದಿ, ಸಾಮಾನಿನ ಬಿಲ್ಲುಗಳು ಬೇಕು. ಕೃಷ್ಣರಾಜಪೇಟೆಯ ಆ ದಂಪತಿಗಳನ್ನು ನಾವು ಕೇಳಿದೆವು. ಎಲ್ಲವನ್ನೂ ಕೈಯಿಂದ ಕೈಗೆ ಕೊಟ್ಟಿದ್ದರು. ಒಂದು ಚೀಟಿಯೂ ಇರಲಿಲ್ಲ.